ಚೀಟಿಯ ಹಿಂಬದಿ

ಹೈಸ್ಕೂಲಿಗೆ ಹೋಗುವ ದಿನ ನನ್ನ ಚೀಲದಲ್ಲಿ ಸ್ಟೆತಾಸ್ಕೋಪ್ ಇರುವುದಿಲ್ಲ. ಖಾಲಿಯಾದ ಚಪ್ಪಲಿ ಡಬ್ಬವೊಂದು ಇರುತ್ತದೆ, ಅದರ ಮುಚ್ಚಳದ ಮೇಲೆ ಬ್ಲೇಡಿನಿಂದ ಕೊಯ್ದ ಬೆರಳುದ್ದದ ಸೀಳು. ಜೊತೆಗೆ ಒಂದೇ ಅಳತೆಗೆ ಕತ್ತರಿಸಿದ ಬಿಳಿ ಚೀಟಿಗಳು, ಒಂದೇ ಬಗೆಯ ಒಂದು ಕಟ್ಟು ಪೆನ್ಸಿಲ್ಲು. ಪೆನ್ನಿನಲ್ಲಿ ಬರೆಯಿರಿ ಅಂದರೆ ಶಾಯಿಯ ಬಣ್ಣ ನೋಡಿ ಅದು ಯಾರ ಚೀಟಿ ಎಂದು ಪಕ್ಕದವರು ಪತ್ತೆ ಹಚ್ಚುತ್ತಾರೆ. ನೋಟ್‌ಬುಕ್ಕಿನ ಹಾಳೆ ಹರಿದರೆ ಗೆರೆ ನೋಡಿ ಪತ್ತೆ ಹಚ್ಚುತ್ತಾರೆ. ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಮಕ್ಕಳೇ ಕಲಿಸಿದರು.

ಡಬ್ಬದ ನಿಯಮಗಳು ಎರಡೇ. ಪ್ರತಿಯೊಬ್ಬರೂ ಏನಾದರೂ ಬರೆಯಲೇಬೇಕು. ಕೇಳುವುದೇನೂ ಇಲ್ಲದವರು ತಮಗಿಷ್ಟವಾದ ತಿಂಡಿಯ ಹೆಸರು ಬರೆಯಬೇಕು. ಎಲ್ಲರ ಪೆನ್ಸಿಲ್ಲೂ ಒಟ್ಟಿಗೆ ಓಡುತ್ತಿದ್ದರೆ ಪ್ರಶ್ನೆ ಬರೆಯುತ್ತಿರುವವರು ಯಾರು, ಪುಳಿಯೋಗರೆ ಬರೆಯುತ್ತಿರುವವರು ಯಾರು ಎಂದು ಗೊತ್ತಾಗುವುದಿಲ್ಲ. ಎರಡನೆಯ ನಿಯಮ ನನಗೆ ನಾನೇ ಹಾಕಿಕೊಂಡದ್ದು. ಉತ್ತರ ಹೇಳುವಾಗ ಆ ಪ್ರಶ್ನೆ ಯಾರದಿರಬಹುದು ಎಂದು ಮುಖಗಳಲ್ಲಿ ಹುಡುಕಬಾರದು. ಗೋಡೆ ಗಡಿಯಾರವನ್ನೋ ಕೊನೆಯ ಬೆಂಚಿನ ಹಿಂದಿನ ಕಿಟಕಿಯನ್ನೋ ನೋಡುತ್ತ ಮಾತಾಡುತ್ತೇನೆ.

ಚೀಟಿಗಳನ್ನು ಮಕ್ಕಳು ಎಂಟು ಮಡಿಕೆ ಮಡಚಿರುತ್ತಾರೆ, ದೇವರ ಮುಂದೆ ಹರಕೆ ಬರೆದಿಟ್ಟ ಹಾಗೆ. ಕೆಲವರು ಕೈಬರಹ ಗೊತ್ತಾಗಬಾರದೆಂದು ಎಡಗೈಯಲ್ಲಿ ಬರೆದಿರುತ್ತಾರೆ. ‘ರಾತ್ರಿ ನಿದ್ದೇಲಿ ಬಟ್ಟೆ ಒದ್ದೆ ಆಗುತ್ತೆ, ಇದರಿಂದ ಸಾಯ್ತಾರಾ?’ ‘ನನ್ನ ಎದೆ ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು.’ ‘ಎಲ್ಲರಿಗೂ ಮೀಸೆ ಬಂದಿದೆ, ನನಗಿಲ್ಲ.’ ‘ಎರಡು ತಿಂಗಳಿಂದ ಮುಟ್ಟಾಗಿಲ್ಲ, ಅಮ್ಮನಿಗೆ ಹೇಳಿದರೆ ಅನುಮಾನ ಪಡ್ತಾರೆ.’ ಇಂಥ ಚೀಟಿಗಳನ್ನು ವರ್ಷಗಟ್ಟಲೆ ಬಿಡಿಸಿ ಓದಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಒಂದೊಂದು ಚೀಟಿಯಲ್ಲೂ ಎರಡು ಪ್ರಶ್ನೆಗಳಿರುತ್ತವೆ. ಬರೆದದ್ದು ಒಂದು. ಬರೆಯಲಾರದೆ ಬಿಟ್ಟದ್ದು ಇನ್ನೊಂದು: ‘ನಾನು ಸರಿಯಾಗಿದ್ದೀನಾ?’ ಮೊದಲನೆಯದಕ್ಕೆ ವಿಜ್ಞಾನದ ಪುಸ್ತಕದಲ್ಲಿ ಉತ್ತರ ಸಿಗುತ್ತದೆ. ಎರಡನೆಯದರ ಉತ್ತರವನ್ನು ಮಕ್ಕಳು ದೊಡ್ಡವರ ಮುಖದಲ್ಲಿ ಓದಿಕೊಳ್ಳುತ್ತಾರೆ, ನಾವು ಬಾಯಿ ತೆರೆಯುವುದಕ್ಕೂ ಮೊದಲೇ.

ಮೈ ಬದಲಾಗುವ ಈ ಕಥೆ ಶುರುವಾಗುವುದು ಮಿದುಳಿನಲ್ಲಿ. ಮಿದುಳಿನ ತಳದಲ್ಲಿ ಬಾದಾಮಿ ಗಾತ್ರದ ಹೈಪೋಥಲಾಮಸ್ ಇದೆ. ಅಲ್ಲಿನ ಕೆಲವು ನರಕೋಶಗಳು ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಒಂದೇ ಸಮನೆ ಸುರಿಸದೆ, ನಾಡಿ ಮಿಡಿದ ಹಾಗೆ ಬಿಟ್ಟುಬಿಟ್ಟು ಸ್ರವಿಸುತ್ತವೆ. ಆ ಮಿಡಿತಕ್ಕೆ ಓಗೊಟ್ಟ ಪಿಟ್ಯೂಟರಿ ಗ್ರಂಥಿ ಹುಡುಗಿಯರಲ್ಲಿ ಅಂಡಾಶಯವನ್ನೂ ಹುಡುಗರಲ್ಲಿ ವೃಷಣವನ್ನೂ ಕೆಲಸಕ್ಕೆ ಕರೆಯುತ್ತದೆ. ಸೋಜಿಗವೆಂದರೆ ಹುಟ್ಟಿದ ಮೊದಲ ಕೆಲವು ತಿಂಗಳು ಈ ವ್ಯವಸ್ಥೆ ಒಮ್ಮೆ ಎಚ್ಚರವಾಗಿಯೇ ಇರುತ್ತದೆ. ಆಮೇಲೆ ಯಾರೋ ತಟ್ಟಿ ಮಲಗಿಸಿದಂತೆ ವರ್ಷಗಟ್ಟಲೆ ನಿದ್ದೆ ಹೋಗುತ್ತದೆ. ಅದನ್ನು ಮತ್ತೆ ಎಬ್ಬಿಸುವವರು ಯಾರು?

1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿ ಪಟ್ಟಣದಲ್ಲಿ, ಕ್ಯಾನ್ಸರ್ ಹರಡುವುದನ್ನು ತಡೆಯುವ ಜೀನ್‌ಗಳನ್ನು ಹುಡುಕುತ್ತಿದ್ದ ವಿಜ್ಞಾನಿಗಳಿಗೆ ಒಂದು ಹೊಸ ಜೀನ್ ಸಿಕ್ಕಿತು. ಆ ಊರು ಚಾಕೊಲೇಟಿಗೆ ಹೆಸರುವಾಸಿ. ಅಲ್ಲಿನ ‘ಕಿಸಸ್’ ಎಂಬ ಚಾಕೊಲೇಟಿನ ನೆನಪಿಗೆ ಜೀನಿಗೂ ಕಿಸ್1 ಎಂದು ಹೆಸರಿಟ್ಟರು. ಪ್ರೌಢಾವಸ್ಥೆಗೂ ಅದಕ್ಕೂ ಸಂಬಂಧವಿದೆ ಎಂದು ಆಗ ಯಾರೂ ಊಹಿಸಿರಲಿಲ್ಲ. 2003ರಲ್ಲಿ ಪ್ಯಾರಿಸ್ ಮತ್ತು ಬಾಸ್ಟನ್ನಿನ ಎರಡು ತಂಡಗಳು, ಮೈನೆರೆಯದೆ ಉಳಿದ ಮಕ್ಕಳಿದ್ದ ಕುಟುಂಬಗಳನ್ನು ಅಭ್ಯಾಸ ಮಾಡಿದಾಗ ಗುಟ್ಟು ಹೊರಬಿತ್ತು. ಕಿಸ್1 ತಯಾರಿಸುವ ಕಿಸ್‌ಪೆಪ್ಟಿನ್‌ನ ಸಂದೇಶವನ್ನು ಬರಮಾಡಿಕೊಳ್ಳುವ ಬಾಗಿಲು ಆ ಮಕ್ಕಳಲ್ಲಿ ಕೆಟ್ಟುಹೋಗಿತ್ತು. ಮಲಗಿದ್ದ ವ್ಯವಸ್ಥೆಯನ್ನು ಎಬ್ಬಿಸುವುದರಲ್ಲಿ ಈ ಕಿಸ್‌ಪೆಪ್ಟಿನ್‌ನದು ದೊಡ್ಡ ಪಾಲು. ಮೊದಮೊದಲು ಈ ಮಿಡಿತ ಜೋರಾಗುವುದು ರಾತ್ರಿ ಹೊತ್ತು, ಮಕ್ಕಳು ಗಾಢ ನಿದ್ದೆಯಲ್ಲಿರುವಾಗ. ಅಮ್ಮ ಹೊದಿಕೆ ಸರಿಮಾಡಿ ದೀಪ ಆರಿಸಿ ಹೋದ ಮೇಲೆ, ಮಗುವಿಗೂ ಗೊತ್ತಿಲ್ಲದಂತೆ, ಬಾಲ್ಯ ಮುಗಿಯುವ ಕೆಲಸ ಶುರುವಾಗುತ್ತದೆ.

ಈ ಕೆಲಸ ಯಾವಾಗ ಶುರುವಾಗಬೇಕು ಎಂಬುದಕ್ಕೆ ಒಂದೇ ತಾರೀಖಿಲ್ಲ. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಯಾವಾಗ ಆರಂಭವಾದರೂ ಅದು ಸಹಜವೇ. ಅಂದರೆ ಒಂದೇ ಬೆಂಚಿನಲ್ಲಿ ಕೂತ, ಒಂದೇ ತಿಂಗಳು ಹುಟ್ಟಿದ ಇಬ್ಬರು ಹುಡುಗರಲ್ಲಿ ಒಬ್ಬನ ದನಿ ಒಡೆದು, ಇನ್ನೊಬ್ಬ ಪ್ರಾರ್ಥನೆಯಲ್ಲಿ ಇನ್ನೂ ಎಳೆಯ ದನಿಯಲ್ಲಿ ಹಾಡುತ್ತಿರಬಹುದು. ಇಬ್ಬರೂ ಸರಿಯಾಗಿಯೇ ಇದ್ದಾರೆ. ಬ್ರಿಟನ್ನಿನ ಮಕ್ಕಳ ವೈದ್ಯ ಜೇಮ್ಸ್ ಟ್ಯಾನರ್ ಹಾರ್ಪೆಂಡನ್‌ನ ಮಕ್ಕಳ ಮನೆಯೊಂದರಲ್ಲಿ ಬೆಳೆಯುವ ಮಕ್ಕಳನ್ನು ವರ್ಷಗಟ್ಟಲೆ ಅಳೆದು, ಈ ಬದಲಾವಣೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. ಇಂದಿಗೂ ವೈದ್ಯರು ಬಳಸುವುದು ಅದೇ ಹಂತಗಳನ್ನು. ಆ ಅಭ್ಯಾಸದಿಂದ ನಾನು ತರಗತಿಗೆ ಕೊಂಡೊಯ್ಯುವ ವಿಷಯ ಒಂದೇ: ಹೆಜ್ಜೆಗಳ ಕ್ರಮ ಹೆಚ್ಚುಕಡಿಮೆ ಒಂದೇ ಆಗಿದ್ದರೂ ವೇಗ ಒಬ್ಬೊಬ್ಬರದು ಒಂದೊಂದು. ಎದೆ ಎರಡೂ ಕಡೆ ಒಂದೇ ಸಮ ಬೆಳೆಯದಿರುವುದು ಸಾಮಾನ್ಯ. ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಈ ವಯಸ್ಸಿನಲ್ಲಿ ಎದೆ ಸ್ವಲ್ಪ ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ಬಹುಪಾಲು ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಇದನ್ನು ಹೇಳಿದಾಗ ತರಗತಿಯ ಹುಡುಗರ ಸಾಲಿನಲ್ಲಿ ಒಂದು ನಿಟ್ಟುಸಿರು ಹಾದುಹೋಗುವುದನ್ನು ಕೇಳಿದ್ದೇನೆ. ಅಲ್ಲಿಯವರೆಗೆ ಒಬ್ಬೊಬ್ಬನೂ ಅದು ತನ್ನೊಬ್ಬನ ರೋಗವೆಂದು ತಿಳಿದು ಅಂಗಿಯೊಳಗೆ ಬಿಗಿ ಬನಿಯನ್ ತೊಟ್ಟು ಓಡಾಡುತ್ತಿರುತ್ತಾನೆ.

ಹುಡುಗರ ಚೀಟಿಗಳಲ್ಲಿ ಅತಿ ಹೆಚ್ಚು ಜಾಗ ಹಿಡಿಯುವುದು ‘ಧಾತು’. ನಲವತ್ತು ಹನಿ ರಕ್ತ ಸೇರಿದರೆ ಒಂದು ಹನಿ ವೀರ್ಯ ಎಂಬ ಲೆಕ್ಕ ಅವರಿಗೆಲ್ಲ ಬಾಯಿಪಾಠ. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ, ರೈಲು ಹಳಿಯ ಪಕ್ಕದ ಕಾಂಪೌಂಡುಗಳ ಮೇಲೆ ‘ಗುಪ್ತ ರೋಗ’ದ ಜಾಹೀರಾತು ನೋಡುತ್ತಲೇ ಬೆಳೆದವರು ಅವರು. ಈ ಹೆದರಿಕೆಯಿಂದ ಸೊರಗಿ, ನಿದ್ದೆಗೆಟ್ಟು, ಕೈಕಾಲು ಸೋತು ಆಸ್ಪತ್ರೆಗೆ ಬರುವವರ ಸ್ಥಿತಿಗೆ 1960ರಲ್ಲೇ ಮನೋವೈದ್ಯ ಎನ್.ಎನ್. ವಿಗ್ ‘ಧಾತ್ ಸಿಂಡ್ರೋಮ್’ ಎಂದು ಹೆಸರು ಕೊಟ್ಟರು. ಅವರ ನಿಶ್ಶಕ್ತಿ ಸುಳ್ಳಲ್ಲ. ಅದರ ಕಾರಣ ಮಾತ್ರ ಅವರು ತಿಳಿದದ್ದಲ್ಲ. ಹಗಲಿರುಳು ಹೆದರುತ್ತ ಬದುಕಿದರೆ ಯಾರ ಮೈಯಾದರೂ ಸೋಲುತ್ತದೆ.

ಆದ್ದರಿಂದ ಇಲ್ಲಿ ನಾನು ಅವಸರ ಮಾಡುವುದಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆಯುತ್ತೇನೆ. ವೀರ್ಯ ರಕ್ತದಿಂದ ಭಟ್ಟಿ ಇಳಿಸಿದ ಸಾರವಲ್ಲ. ಅದರ ಬಹುಭಾಗ ವೀರ್ಯಕೋಶಗಳಿಂದ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ದ್ರವ: ನೀರು, ಒಂದಿಷ್ಟು ಸಕ್ಕರೆ, ಒಂದಿಷ್ಟು ಪ್ರೋಟೀನು, ಲವಣ. ಒಂದು ಸಲಕ್ಕೆ ಹೊರಬರುವುದು ಸಾಮಾನ್ಯವಾಗಿ ಒಂದು ಟೀ ಚಮಚದೊಳಗೆ. ಅದರಲ್ಲಿ ವೀರ್ಯಾಣುಗಳ ಪಾಲು ತೀರಾ ಚಿಕ್ಕದು. ಆ ವೀರ್ಯಾಣುಗಳನ್ನು ವೃಷಣಗಳು ಹಗಲು ರಾತ್ರಿ, ಹೃದಯ ಒಮ್ಮೆ ಬಡಿಯುವಷ್ಟರಲ್ಲಿ ಸಾವಿರದ ಲೆಕ್ಕದಲ್ಲಿ ತಯಾರಿಸುತ್ತಲೇ ಇರುತ್ತವೆ. ಒಂದೊಂದೂ ಹದಕ್ಕೆ ಬರಲು ಎರಡು ತಿಂಗಳಿಗಿಂತ ತುಸು ಹೆಚ್ಚು ಬೇಕು. ಬಳಕೆಯಾಗದೆ ಉಳಿದದ್ದನ್ನು ಮೈ ತಾನೇ ಕರಗಿಸಿಕೊಳ್ಳುತ್ತದೆ. ಕೂಡಿಟ್ಟರೆ ಬೆಳೆಯುವ, ಖರ್ಚಾದರೆ ಕರಗುವ ಗಂಟು ಅದಲ್ಲ. ನಿದ್ದೆಯಲ್ಲಿ ಬಟ್ಟೆ ಒದ್ದೆಯಾದರೆ ತೊಳೆದುಕೊಂಡು ಶಾಲೆಗೆ ಬಂದರಾಯಿತು. ಹಸ್ತಮೈಥುನದಿಂದ ಕಣ್ಣು ಮಂಜಾಗುವುದಿಲ್ಲ, ನೆನಪಿನ ಶಕ್ತಿ ಕುಂದುವುದಿಲ್ಲ, ಮುಂದೆ ಮಕ್ಕಳಾಗದೆ ಹೋಗುವುದಿಲ್ಲ. ಇಷ್ಟು ಹೇಳಲು ಹತ್ತು ನಿಮಿಷ ಸಾಕು. ಈ ಹತ್ತು ನಿಮಿಷದ ಮಾತು ಸಿಗದೆ ಡಿಗ್ರಿ ಮುಗಿಸಿದ, ಮದುವೆಯ ಮುಹೂರ್ತ ಹತ್ತಿರ ಬಂದಾಗ ಊರು ಬಿಟ್ಟು ಓಡಿಹೋಗಲು ಹೊರಟ ಗಂಡಸರನ್ನು ನಾನು ಕಂಡಿದ್ದೇನೆ.

ಹುಡುಗಿಯರ ಚೀಟಿಗಳಲ್ಲಿ ಹೆದರಿಕೆಗಿಂತ ನೋವು ಹೆಚ್ಚು. ಒಬ್ಬಳು ಬರೆದಿದ್ದಳು: ‘ಊರವರನ್ನೆಲ್ಲ ಕರೆದು ಆರತಿ ಮಾಡಿದ್ರು. ನನಗೆ ಏನಾಗಿದೆ ಅಂತ ಮಾತ್ರ ಯಾರೂ ಹೇಳಲಿಲ್ಲ.’ ಆ ಚೀಟಿಯನ್ನು ನಾನು ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಹುಡುಗಿ ದೊಡ್ಡವಳಾದರೆ ಹಸೆಗೆ ಕೂರಿಸುತ್ತಾರೆ, ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ, ಸೋದರಮಾವ ಸೀರೆ ತರುತ್ತಾನೆ. ಇಷ್ಟು ಜನ ಸೇರಿದ ಮನೆಯಲ್ಲಿ, ಗರ್ಭಕೋಶದ ಒಳಪದರ ಪ್ರತಿ ತಿಂಗಳು ಬೆಳೆದು ಕಳಚಿಬೀಳುತ್ತದೆ, ಹೋಗುವ ರಕ್ತ ಒಟ್ಟು ಎರಡು ಮೂರು ದೊಡ್ಡ ಚಮಚದಷ್ಟು, ಅದು ಕೆಟ್ಟ ರಕ್ತವೂ ಅಲ್ಲ ಮೈಲಿಗೆಯೂ ಅಲ್ಲ ಎಂದು ಆ ಹುಡುಗಿಯ ಕಿವಿಯಲ್ಲಿ ಹೇಳಲು ಒಬ್ಬ ಅತ್ತೆ, ಒಬ್ಬ ಚಿಕ್ಕಮ್ಮ ಸಿಗುವುದಿಲ್ಲ.

ಮೊದಲ ಒಂದೆರಡು ವರ್ಷ ಮುಟ್ಟು ಕ್ರಮ ತಪ್ಪುವುದು ಸಾಮಾನ್ಯ. ಹದಿಹರೆಯದಲ್ಲಿ 21ರಿಂದ 45 ದಿನದ ಅಂತರವನ್ನು ವೈದ್ಯರು ಸಹಜವೆಂದೇ ಎಣಿಸುತ್ತಾರೆ, ಏಕೆಂದರೆ ಮಿದುಳಿನ ಆ ಮಿಡಿತದ ತಾಳ ಇನ್ನೂ ಕೂಡಿಬಂದಿರುವುದಿಲ್ಲ. ಹೊಟ್ಟೆನೋವಿಗೆ ಕಾರಣ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು; ಅವು ಗರ್ಭಕೋಶದ ಸ್ನಾಯುಗಳನ್ನು ಹಿಂಡಿ ಹಿಂಡಿ ಪದರವನ್ನು ಹೊರದೂಡುತ್ತವೆ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್‌ನಂಥ ಮಾತ್ರೆಗಳು ಅವುಗಳ ತಯಾರಿಕೆಯನ್ನೇ ತಡೆಯುವುದರಿಂದ, ನೋವು ಹೆಚ್ಚಾದ ಮೇಲಲ್ಲ, ಶುರುವಾಗುತ್ತಿದ್ದಂತೆ ವೈದ್ಯರನ್ನು ಕೇಳಿ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ. ‘ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಮಾತು ನನಗೆ ಸಿಟ್ಟು ತರಿಸುತ್ತದೆ. ಪ್ರತಿ ತಿಂಗಳು ಎರಡು ದಿನ ಶಾಲೆ ತಪ್ಪಿಸುವಷ್ಟು ನೋವು ‘ಇದ್ದದ್ದೇ’ ಅಲ್ಲ, ಪರೀಕ್ಷೆ ಮಾಡಿಸಬೇಕಾದದ್ದು. ಏಳು ದಿನ ಮೀರಿ ಸ್ರಾವವಾದರೆ, ಗಂಟೆ ಎರಡು ಗಂಟೆಗೊಂದು ಪ್ಯಾಡ್ ತುಂಬುತ್ತಿದ್ದರೆ, ಮೂರು ತಿಂಗಳು ಬಾರದಿದ್ದರೆ, 15 ತುಂಬಿದರೂ ಮೈನೆರೆಯದಿದ್ದರೆ ಆಸ್ಪತ್ರೆಗೆ ಹೋಗಬೇಕು. ಹುಟ್ಟಿನಿಂದಲೇ ಗರ್ಭಕೋಶ ಬೆಳೆಯದೆ ಇರುವ ಹುಡುಗಿಯರಿದ್ದಾರೆ, ಸುಮಾರು 5,000ಕ್ಕೆ ಒಬ್ಬರು. ಹೊರಗಿನಿಂದ ಪೂರ್ತಿ ಹುಡುಗಿಯಾಗಿದ್ದೂ ವರ್ಣತಂತುಗಳಲ್ಲಿ ಎಕ್ಸ್ ವೈ ಇರುವವರಿದ್ದಾರೆ. ಅವರಿಗೆ ಈ ವಿಷಯ ತಿಳಿಸುವ ಕ್ಷಣ ತುಂಬ ನಾಜೂಕಿನದು. ‘ನೀನು ಹೆಣ್ಣೇ ಅಲ್ಲ’ ಎಂದು ವೈದ್ಯರು ಬಾಯಿ ತಪ್ಪಿ ಆಡಿದ ಒಂದು ಮಾತು ಅವರ ಜೀವಮಾನವೆಲ್ಲ ಕಿವಿಯಲ್ಲಿ ಉಳಿಯುತ್ತದೆ.

ಇನ್ನು ಎರಡು ತಿಂಗಳಿಂದ ಮುಟ್ಟಾಗದ, ಅಮ್ಮನ ಅನುಮಾನಕ್ಕೆ ಹೆದರಿದ ಹುಡುಗಿ. ಅವಳಿಗೆ ತರಗತಿಯಲ್ಲಿ ನಾನು ಹೇಳುವುದು ಎರಡು ಮಾತು. ಬಹುಪಾಲು ಇದು ವಯಸ್ಸಿನ ಏರುಪೇರು, ಕೆಲವೊಮ್ಮೆ ಥೈರಾಯ್ಡ್, ಅಂಡಾಶಯದ ಪಿಸಿಓಎಸ್ ತೊಂದರೆ, ಊಟ ಬಿಟ್ಟು ತೂಕ ಇಳಿಸಿಕೊಂಡದ್ದು. ಗರ್ಭ ನಿಂತಿರಬಹುದೆಂಬ ಭಯವಿದ್ದರೂ ಬಾ. ನಿನ್ನನ್ನು ಬೈಯುವುದಿಲ್ಲ, ತಡಮಾಡಿದಷ್ಟೂ ದಾರಿಗಳು ಕಡಿಮೆಯಾಗುತ್ತವೆ.

ಇದನ್ನೆಲ್ಲ ಮಕ್ಕಳಿಗೆ ಹೇಳಿದರೆ ಅವರು ಕೆಡುವುದಿಲ್ಲವೇ ಎಂದು ಪೋಷಕರ ಸಭೆಯಲ್ಲಿ ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ. ಅವರ ಕಾಳಜಿ ಪ್ರಾಮಾಣಿಕವಾದದ್ದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಇದೇ ಕಾಳಜಿಯಿಂದ 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ನಿಲ್ಲಿಸಿದ್ದವು. ಆದರೆ ಈ ಪ್ರಶ್ನೆಯನ್ನು ಅಳೆದು ನೋಡಿದವರಿದ್ದಾರೆ. ಯುನೆಸ್ಕೊ 2018ರಲ್ಲಿ ತನ್ನ ಮಾರ್ಗದರ್ಶಿಯನ್ನು ಪರಿಷ್ಕರಿಸುವಾಗ ಆಧಾರವಾಗಿ ಇಟ್ಟುಕೊಂಡದ್ದು 22 ಸಮಗ್ರ ವಿಮರ್ಶೆಗಳನ್ನು, ನಾನಾ ದೇಶಗಳಲ್ಲಿ ನಡೆದ 77 ನಿಯಂತ್ರಿತ ಪ್ರಯೋಗಗಳನ್ನು. ಲೈಂಗಿಕ ಶಿಕ್ಷಣ ಪಡೆದ ಮಕ್ಕಳಲ್ಲಿ ಲೈಂಗಿಕ ಚಟುವಟಿಕೆ ಹೆಚ್ಚಾಗಲಿಲ್ಲ. ಅದರ ಆರಂಭ ಮುಂದಕ್ಕೆ ಹೋದದ್ದು, ಕಾಂಡೋಮ್ ಮತ್ತಿತರ ಗರ್ಭನಿರೋಧಕಗಳ ಬಳಕೆ ಹೆಚ್ಚಿದ್ದು ಕಂಡುಬಂತು. ಮೊಬೈಲು ಬಂದ ಮೇಲಂತೂ ಮಕ್ಕಳಿಗೆ ಯಾರೂ ಏನೂ ಹೇಳದೆ ಇರುವ ಸ್ಥಿತಿ ಎಲ್ಲಿಯೂ ಉಳಿದಿಲ್ಲ. ನಾವು ಹೇಳದಿದ್ದರೆ ಅಶ್ಲೀಲ ವಿಡಿಯೊ ಹೇಳುತ್ತದೆ, ಅದರಲ್ಲಿ ಒಪ್ಪಿಗೆ ಎಂಬ ಮಾತೇ ಬರುವುದಿಲ್ಲ. ಮುತ್ತು ಕೊಟ್ಟರೆ ಏಡ್ಸ್ ಬರುತ್ತದೆಯೇ ಎಂಬ ಚೀಟಿಗೆ ‘ಇಲ್ಲ’ ಎಂಬ ಎರಡಕ್ಷರ ಸಾಕು. ಎಚ್‌ಐವಿ ತಗುಲಿರಬಹುದು ಎಂಬ ಅನುಮಾನವಿದ್ದರೆ 72 ಗಂಟೆಯೊಳಗೆ, ಎಷ್ಟು ಬೇಗನೋ ಅಷ್ಟು ಒಳ್ಳೆಯದು, ಸರ್ಕಾರಿ ಆಸ್ಪತ್ರೆಗೆ ಹೋದರೆ ತಡೆಯುವ ಔಷಧಿ ಇದೆ ಎಂಬುದನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದು ಬರುತ್ತೇನೆ.

ಇನ್ನೊಂದು ಬಗೆಯ ಚೀಟಿಗಳಿವೆ. ಅವು ಬರುವುದು ವಿರಳ, ಬಂದಾಗ ಅಕ್ಷರ ತುಂಬ ಚಿಕ್ಕದಾಗಿರುತ್ತದೆ. ‘ನನಗೆ ಹುಡುಗೀರ ಬಗ್ಗೆ ಏನೂ ಅನ್ನಿಸಲ್ಲ, ಫ್ರೆಂಡ್ ಬಗ್ಗೆ ಅನ್ನಿಸುತ್ತೆ.’ ‘ನಾನು ಹುಡುಗಿ ಅಂತ ನನಗೆ ಅನ್ನಿಸೋದೇ ಇಲ್ಲ.’ ಇವಕ್ಕೆ ಉತ್ತರಿಸಲು ನಾನು ಕಲಿತದ್ದು ಒಂದು ತಪ್ಪಿನಿಂದ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ತಾಯಿಯ ಜೊತೆ ಬಂದ. ಊಟ ಸೇರುತ್ತಿಲ್ಲ, ಸೊರಗಿದ್ದಾನೆ ಎಂದು ತಾಯಿ ಹೇಳಿದರು. ಅವರನ್ನು ಹೊರಗೆ ಕೂರಿಸಿ ತೂಕ ನೋಡಿದೆ. ತೂಕದ ಯಂತ್ರದ ಮೇಲೆ ನಿಂತೇ, ಮುಳ್ಳನ್ನು ನೋಡುತ್ತ, ‘ನನಗೆ ಹುಡುಗೀರ ಮೇಲೆ ಮನಸ್ಸೇ ಬರಲ್ಲ ಮೇಡಂ’ ಅಂದ. ಹೊರಗೆ ಐವತ್ತು ಜನ ಕಾಯುತ್ತಿದ್ದರು. ‘ಪರೀಕ್ಷೆ ಹತ್ತಿರ ಬಂತಲ್ಲಪ್ಪ, ಓದಿನ ಕಡೆ ಗಮನ ಕೊಡು. ಇದೆಲ್ಲ ವಯಸ್ಸಿನ ಗುಣ, ಹೋಗುತ್ತೆ’ ಎಂದು ಬಿ ಕಾಂಪ್ಲೆಕ್ಸ್ ಬರೆದುಕೊಟ್ಟೆ. ಅವನು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ‘ಥ್ಯಾಂಕ್ಸ್ ಮೇಡಂ’ ಎಂದು ಹೋದ. ಮತ್ತೆ ಬರಲಿಲ್ಲ. ಆ ಮಾತನ್ನು ಯಾರಿಗಾದರೂ ಹೇಳಬೇಕೆಂದು ಅವನು ಎಷ್ಟು ತಿಂಗಳು ಧೈರ್ಯ ಕೂಡಿಸಿದ್ದನೋ! ಅದನ್ನು ನಾನು ಎರಡು ನಿಮಿಷದಲ್ಲಿ ಖರ್ಚು ಮಾಡಿಬಿಟ್ಟಿದ್ದೆ.

ನನ್ನ ಓದು ಹಳೆಯದಾಗಿತ್ತು ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. 1957ರಲ್ಲೇ ಮನಶ್ಶಾಸ್ತ್ರಜ್ಞೆ ಎವಲಿನ್ ಹೂಕರ್ 30 ಸಲಿಂಗಾಕರ್ಷಣೆಯ ಗಂಡಸರನ್ನೂ ವಯಸ್ಸು, ಓದು, ಬುದ್ಧಿಮಟ್ಟದಲ್ಲಿ ಅವರಿಗೆ ಸರಿಹೊಂದುವ 30 ಇತರ ಗಂಡಸರನ್ನೂ ಪರೀಕ್ಷಿಸಿ, ಹೆಸರು ಮರೆಮಾಡಿದ ಉತ್ತರಗಳನ್ನು ಪರಿಣತರ ಮುಂದಿಟ್ಟಿದ್ದರು. ಯಾವುದು ಯಾರ ಉತ್ತರವೆಂದು ಅವರಿಗೆ ಗುರುತಿಸಲಾಗಲಿಲ್ಲ. ಎರಡೂ ಗುಂಪಿನ ಮಾನಸಿಕ ಆರೋಗ್ಯದಲ್ಲಿ ವ್ಯತ್ಯಾಸವಿರಲಿಲ್ಲ. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ, 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಾಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟವು. ಯಾಕೆ ಹೀಗೆ ಎಂದು ಪೋಷಕರು ಕೇಳುತ್ತಾರೆ. 2019ರಲ್ಲಿ ಸುಮಾರು 4.7 ಲಕ್ಷ ಜನರ ತಳಿ ಮಾಹಿತಿಯನ್ನು ಜಾಲಾಡಿದ ಅಧ್ಯಯನದಲ್ಲಿ ಇದಕ್ಕೆಂದೇ ಇರುವ ಒಂದು ಜೀನ್ ಸಿಗಲಿಲ್ಲ. ಸಣ್ಣ ಸಣ್ಣ ಪರಿಣಾಮದ ಅನೇಕ ಜೀನ್‌ಗಳು, ಜೊತೆಗೆ ಜೀನ್‌ಗಳಲ್ಲದ ಕಾರಣಗಳು ಸೇರಿಕೊಂಡಿರುವುದು ಕಂಡಿತು. ತಾಯಿ ಮುದ್ದು ಮಾಡಿದ್ದರಿಂದ, ತಂದೆ ದೂರವಿದ್ದದ್ದರಿಂದ ಹೀಗಾಯಿತು ಎಂಬ ಮಾತಿಗೆ ಆಧಾರವಿಲ್ಲ. ಎಷ್ಟು ತಾಯಂದಿರು ಈ ಸುಳ್ಳನ್ನು ನಂಬಿ ತಮ್ಮನ್ನೇ ಹಳಿದುಕೊಳ್ಳುತ್ತಿದ್ದಾರೆ!

ಯಾರ ಕಡೆ ಮನಸ್ಸು ವಾಲುತ್ತದೆ ಎಂಬುದು ಒಂದು. ನಾನು ಹೆಣ್ಣೋ ಗಂಡೋ ಇನ್ನೇನೋ ಎಂಬ ಒಳಗಿನ ಅರಿವು ಬೇರೆಯೇ ಒಂದು. ಇವೆರಡನ್ನೂ ಕಲಸಿ ನೋಡುವುದರಿಂದಲೇ ಅರ್ಧ ಗೊಂದಲ. ಹುಟ್ಟಿದಾಗ ಬರೆಸಿದ ಲಿಂಗಕ್ಕೂ ಒಳಗಿನ ಅರಿವಿಗೂ ತಾಳೆಯಾಗದೆ ಇರುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ತನ್ನ ಹೊಸ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತಂದಿತು. ನಮ್ಮ ನೆಲದಲ್ಲಿ ಇದು ಹೊಸ ಸಂಗತಿಯೂ ಅಲ್ಲ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ, ಎಲ್ಲಮ್ಮನ ಚೌಡಿಕೆ ಹಿಡಿದು ಹಾಡುವ ಜೋಗತಿಯರನ್ನು ನೋಡದ ಉತ್ತರ ಕರ್ನಾಟಕದ ಮಗುವಿಲ್ಲ. ಜೋಗತಿ ಮಂಜಮ್ಮ 2021ರಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ಇಡೀ ದೇಶ ನೋಡಿತು. ಆ ಚಿತ್ರವನ್ನು ನಾನು ತರಗತಿಯಲ್ಲಿ ತೋರಿಸುತ್ತೇನೆ. ಮನೆಯವರಿಗೆ ಬೇಡವಾಗಿ, ಬೇಡಿ ತಿಂದು ಬದುಕಿದ ದಿನಗಳು ಅವರ ಬಾಳಿನಲ್ಲಿದ್ದವು ಎಂಬುದನ್ನೂ ಹೇಳುತ್ತೇನೆ. ಜೋಗತಿಯ ಹಾಡಿಗೆ ಕೈಮುಗಿಯುವ ಮನೆಯೇ, ತನ್ನ ಮಗ ಹಾಗೆ ಎಂದು ಗೊತ್ತಾದಾಗ ಬಾಗಿಲು ಹಾಕಿಕೊಳ್ಳುತ್ತದೆ.

ಆ ಬಾಗಿಲು ಹಾಕುವುದರ ಬೆಲೆ ಎಷ್ಟೆಂದು ಲೆಕ್ಕ ಹಾಕಿದವರಿದ್ದಾರೆ. ಕ್ಯಾಲಿಫೋರ್ನಿಯಾದ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡ ಸಲಿಂಗಾಕರ್ಷಣೆಯ ಯುವಜನರಲ್ಲಿ ಆತ್ಮಹತ್ಯೆಯ ಯತ್ನ, ಅಷ್ಟು ತಿರಸ್ಕಾರ ಕಾಣದವರಿಗಿಂತ 8.4 ಪಟ್ಟು ಹೆಚ್ಚು ಕಂಡುಬಂತು. ತಿರಸ್ಕಾರವೆಂದರೆ ಮನೆಯಿಂದ ಹೊರಹಾಕುವುದೊಂದೇ ಅಲ್ಲ. ಗೆಳೆಯರನ್ನು ಮನೆಗೆ ಸೇರಿಸದಿರುವುದು, ನೆಂಟರ ಮುಂದೆ ಬರಬೇಡ ಅನ್ನುವುದು, ಊಟದ ಹೊತ್ತಿನಲ್ಲಿ ಮಾತು ಬಿಡುವುದು, ಇವೆಲ್ಲ ಸೇರಿಯೇ ಆ ಲೆಕ್ಕ.

ದೊಡ್ಡವರು ಕಲಿಯಬಲ್ಲರು ಎಂಬುದಕ್ಕೆ ನನಗೆ ಪ್ರಿಯವಾದ ಉದಾಹರಣೆ ಒಬ್ಬ ನ್ಯಾಯಾಧೀಶರದು. 2021ರಲ್ಲಿ, ಪರಸ್ಪರ ಪ್ರೀತಿಸಿ ಮಧುರೆಯ ಮನೆಗಳಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರು ರಕ್ಷಣೆ ಕೋರಿ ಮದ್ರಾಸ್ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರಿಗೆ ಈ ವಿಷಯ ತಮಗೆ ಸರಿಯಾಗಿ ತಿಳಿದಿಲ್ಲ ಅನ್ನಿಸಿತು. ತೀರ್ಪು ಬರೆಯುವುದಕ್ಕೆ ಮುಂಚೆ ಅವರೇ ಮನಶ್ಶಾಸ್ತ್ರಜ್ಞರ ಬಳಿ ಹೋಗಿ ಕೂತು ಕೇಳಿ ತಿಳಿದುಕೊಂಡರು, ತಮ್ಮಲ್ಲೂ ಪೂರ್ವಗ್ರಹವಿತ್ತೆಂದು ಆದೇಶದಲ್ಲೇ ಬರೆದರು. ಮನಸ್ಸಿನ ಒಲವನ್ನು ‘ಸರಿಪಡಿಸುವ’ ಚಿಕಿತ್ಸೆಯನ್ನು ನಿಷೇಧಿಸಬೇಕೆಂದು ಹೇಳಿದರು. ಅದರ ಮುಂದುವರಿಕೆಯಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಇವತ್ತು ಯಾವ ವೈದ್ಯರಾದರೂ ‘ನಿಮ್ಮ ಮಗನನ್ನು ಬದಲಾಯಿಸಿ ಕೊಡುತ್ತೇನೆ’ ಅಂದರೆ, ಎದ್ದು ಬನ್ನಿ.

ತೂಕದ ಯಂತ್ರದ ಮೇಲೆ ನಿಂತ ಆ ಹುಡುಗ ಈಗ ಬಂದರೆ ಏನು ಹೇಳಬೇಕೆಂದು ನನಗೆ ಗೊತ್ತಿದೆ. ‘ಇದನ್ನು ನನ್ನ ಹತ್ರ ಹೇಳಿದ್ದು ಒಳ್ಳೇದಾಯ್ತು ಕಣಪ್ಪ. ಇದು ಕಾಯಿಲೆ ಅಲ್ಲ. ಎಷ್ಟು ದಿನದಿಂದ ಒಬ್ಬನೇ ಹೊತ್ಕೊಂಡಿದ್ದೀಯ? ಮನೇಲಿ ಯಾರಿಗಾದ್ರೂ ಗೊತ್ತಾ? ಗೊತ್ತಾದ್ರೆ ನಿನಗೆ ತೊಂದರೆ ಆಗುತ್ತಾ?’ ಕೊನೆಯ ಪ್ರಶ್ನೆ ಬಹಳ ಮುಖ್ಯ. ಮಗು ನಮಗೆ ಹೇಳಿತೆಂದರೆ ಅದನ್ನು ಅಪ್ಪ ಅಮ್ಮನಿಗೆ ದಾಟಿಸಲು ಅಪ್ಪಣೆ ಸಿಕ್ಕಿತು ಎಂದಲ್ಲ. ಹಾಗೆಯೇ ಹದಿನಾಲ್ಕರ ಮಗುವಿಗೆ ನಾವು ಅವಸರದಲ್ಲಿ ಹೆಸರಿನ ಪಟ್ಟಿ ಅಂಟಿಸುವುದೂ ಬೇಡ. ಕೆಲವರಿಗೆ ಎಂಟನೇ ವಯಸ್ಸಿಗೇ ಸ್ಪಷ್ಟವಾಗಿರುತ್ತದೆ, ಕೆಲವರಿಗೆ ಇಪ್ಪತ್ತೆಂಟಕ್ಕೆ. ‘ಇದು ಹೋಗುತ್ತೆ’ ಎಂಬುದಕ್ಕೂ ‘ನಿನಗೆ ಗೊತ್ತಾಗುವವರೆಗೂ ನಾನಿದ್ದೀನಿ’ ಎಂಬುದಕ್ಕೂ ಇರುವ ದೂರ ದೊಡ್ಡದು.

ಗುಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ‘ಯಾರಿಗೂ ಹೇಳಲ್ಲ’ ಎಂದು ಮೊದಲೇ ಮಾತು ಕೊಡಬೇಡಿ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಎಲ್ಲರಿಗೂ ಕಡ್ಡಾಯ. ಆದ್ದರಿಂದ ಡಬ್ಬ ಹೊರತೆಗೆಯುವ ಮೊದಲೇ ಮಕ್ಕಳಿಗೆ ಹೇಳುತ್ತೇನೆ: ‘ನೀವು ಹೇಳೋದು ನನ್ನಲ್ಲೇ ಇರುತ್ತೆ. ಯಾರಾದರೂ ನಿಮಗೆ ಹಿಂಸೆ ಮಾಡ್ತಿದ್ರೆ, ನಿಮ್ಮ ಜೀವಕ್ಕೆ ಅಪಾಯ ಇದ್ರೆ ಮಾತ್ರ ನಾನು ಸಹಾಯ ಕರೀಬೇಕಾಗುತ್ತೆ. ಕರೆಯೋ ಮೊದಲು ನಿಮಗೆ ಹೇಳ್ತೀನಿ.’ ಕಾನೂನಿನ ಪ್ರಕಾರ 18ಕ್ಕಿಂತ ಚಿಕ್ಕವರ ಒಪ್ಪಿಗೆ ಒಪ್ಪಿಗೆಯಲ್ಲ ಎಂಬುದನ್ನೂ ಪ್ರೀತಿಯಲ್ಲಿ ಬಿದ್ದ ಹುಡುಗ ಹುಡುಗಿಯರು ತಿಳಿದಿರಬೇಕು. ಹದಿನಾರು ದಾಟಿದವರ ಪ್ರೇಮ ಪ್ರಕರಣಗಳು ಈ ಕಾಯ್ದೆಯಡಿ ಸಾಲುಸಾಲಾಗಿ ಬರುತ್ತಿರುವುದನ್ನು ಕಂಡ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ, ವಯಸ್ಸಿನ ಮಿತಿಯನ್ನು ಮರುಪರಿಶೀಲಿಸಲು ಕಾನೂನು ಆಯೋಗಕ್ಕೆ ಹೇಳಿತು, ಒಂಬತ್ತನೇ ತರಗತಿಯಿಂದಲೇ ಈ ಕಾಯ್ದೆಯ ಬಗ್ಗೆ ಮಕ್ಕಳಿಗೆ ಕಲಿಸಬೇಕೆಂದೂ ಹೇಳಿತು.

ಹೋಗಲು ಜಾಗಗಳಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆಂದೇ ಇರುವ ಸ್ನೇಹ ಕ್ಲಿನಿಕ್, ಮನಸ್ಸಿನ ಸಂಕಟಕ್ಕೆ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುವ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಈ ನಂಬರುಗಳನ್ನು ಎಲ್ಲರೂ ಬರೆದುಕೊಳ್ಳುವಂತೆ ಮಾಡುತ್ತೇನೆ, ಬೇಕಾದವರೂ ಬೇಡವಾದವರೂ.

ಕಳೆದ ಮಳೆಗಾಲದಲ್ಲಿ ಒಂದು ಶಾಲೆಯಿಂದ ವಾಪಸು ಬಂದು, ಮಾರನೆಯ ವಾರದ ಉತ್ತರಗಳಿಗಾಗಿ ಚೀಟಿಗಳನ್ನು ಮೇಜಿನ ಮೇಲೆ ವಿಂಗಡಿಸುತ್ತಿದ್ದೆ. ಪ್ರಶ್ನೆಗಳು ಒಂದು ಕಡೆ, ತಿಂಡಿಗಳು ಒಂದು ಕಡೆ. ತಿಂಡಿಯ ಗುಡ್ಡೆ ಕಸದ ಬುಟ್ಟಿಗೆ ಹೋಗುವಂಥದ್ದು. ಫ್ಯಾನಿನ ಗಾಳಿಗೆ ‘ಚಿತ್ರಾನ್ನ’ ಎಂದು ಬರೆದ ಚೀಟಿಯೊಂದು ಹಾರಿ ನೆಲಕ್ಕೆ ಮಗುಚಿ ಬಿತ್ತು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ‘ನನ್ನ ತಮ್ಮ ಏಳನೇ ಕ್ಲಾಸು. ಯಾರೂ ಇಲ್ಲದಾಗ ನನ್ನ ಲಂಗ ಹಾಕ್ಕೊಂಡು ಕನ್ನಡಿ ಮುಂದೆ ನಿಲ್ತಾನೆ. ಅಪ್ಪನಿಗೆ ಗೊತ್ತಾದರೆ ಹೊಡೀತಾರೆ. ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾ?’

ಇಷ್ಟು ವರ್ಷ ಎಷ್ಟು ಚಿತ್ರಾನ್ನ, ಎಷ್ಟು ಬೋಂಡಾ ಚೀಟಿಗಳನ್ನು ತಿರುಗಿಸಿ ನೋಡದೆ ಬುಟ್ಟಿಗೆ ಹಾಕಿದ್ದೆನೋ. ಆ ರಾತ್ರಿ ಗುಡ್ಡೆಯ ಒಂದೊಂದು ಚೀಟಿಯನ್ನೂ ಎರಡೂ ಕಡೆ ನೋಡಿದೆ.

ಮುಂದಿನ ವಾರ ಆ ತರಗತಿಗೆ ಹೋದಾಗ ಮೊದಲು ಎತ್ತಿಕೊಂಡದ್ದು ಚಿತ್ರಾನ್ನದ ಹಿಂಬದಿಯ ಆ ಪ್ರಶ್ನೆಯನ್ನೇ, ಆದರೆ ಚೀಟಿಯನ್ನು ಓದಲಿಲ್ಲ. ತಮ್ಮ, ಲಂಗ, ಕನ್ನಡಿ ಎಂದರೆ ಸಾಕು, ಊರಿನಲ್ಲಿ ಮನೆ ಗುರುತಾಗಿಬಿಡುತ್ತದೆ. ‘ನಿಮ್ಮ ಮನೇಲಿ, ನಿಮ್ಮ ಪಕ್ಕದ ಬೆಂಚಲ್ಲಿ ಯಾರಾದರೂ ಬೇರೆಯವರ ಹಾಗಿಲ್ಲ ಅಂತ ನಿಮಗೆ ಗೊತ್ತಾಗಬಹುದು. ಅದನ್ನ ಯಾರಿಗಾದರೂ ಹೇಳಬೇಕಾ ಅಂತ ಯೋಚನೆ ಬರಬಹುದು. ಹೇಳಬೇಕಾಗಿಲ್ಲ. ಹೇಳೋದು ಬಿಡೋದು ಅವರಿಗೆ ಸೇರಿದ್ದು. ಅದು ಆಟ ಇರಬಹುದು, ಇನ್ನೇನಾದರೂ ಇರಬಹುದು, ಅವರಿಗೇ ಇನ್ನೂ ಗೊತ್ತಿಲ್ಲದೆ ಇರಬಹುದು. ನೀವು ನಗಬೇಡಿ. ಅವರು ಏನಾದರೂ ಹೇಳೋಕೆ ಬಂದರೆ ಕೂತು ಕೇಳಿ. ಯಾರಾದರೂ ಹೊಡೆದರೆ 1098ಕ್ಕೆ ಫೋನ್ ಮಾಡಿ, ನೀವೇ ಮಾಡಬಹುದು, ಹೆಸರು ಹೇಳಬೇಕಾಗಿಲ್ಲ’ ಅಂದೆ. ಗಡಿಯಾರ ಹನ್ನೊಂದು ಹತ್ತು ತೋರಿಸುತ್ತಿತ್ತು. ಎಡಗಡೆಯ ಸಾಲಿನಲ್ಲಿ ಎಲ್ಲೋ ಪೆನ್ಸಿಲ್ಲೊಂದು ಬರೆಯತೊಡಗಿದ ಸದ್ದು ಕೇಳಿಸಿತು. ನಾನು ಗಡಿಯಾರವನ್ನೇ ನೋಡುತ್ತಿದ್ದೆ.